ಬಾಯಿಸಾಹೇಬರ ಚಿಂಚಿಲಾ ನಮ್ಮ ಮನೆಯಲ್ಲಿ ಉಂಡದ್ದು

ನಮ್ಮಪ್ಪ ಯಾರನ್ನೂ ನಂಬುತ್ತಿರಲಿಲ್ಲ. ಅದು ಹುಟ್ಟುಗುಣವೋ ನೌಕರಿ ಕಲಿಸಿದ ಗುಣವೋ ನನಗೆ ತಿಳಿಯದು. ಸಂಸ್ಥಾನದ ಕುದುರೆ ಲಾಯಕ್ಕೆ ಬರುವ ಹುಲ್ಲು, ಹುರುಳಿ, ಕಡಲೆಗಳನ್ನು ತಪಾಸು ಮಾಡಿ ಒಳಗೆ ತೆಗೆದುಕೊಳ್ಳುವ ಕಾರಕೂನಿಕೆ ಅವರದು. ಚೀಲದ ಬಾಯಲ್ಲಿ ಒಳ್ಳೆ ಕಾಳು ಇಟ್ಟು ತಳದಲ್ಲಿ ಹುಳುಕು ತುಂಬಿ ತರುವ ವ್ಯಾಪಾರಿಗಳ ಜೊತೆ ಇಡೀ ದಿನ ಗುದ್ದಾಟ. ಮಧ್ಯಾಹ್ನ ಉಂಡು ಹೋದರೆ ಮತ್ತೆ ಮನೆಗೆ ಬರುವುದು ಸಂಜೆಗೆ. ಬಂದ ಮೇಲೂ ಅದೇ ಕಣ್ಣು. ಗೌಳಿ ಹಾಕಿದ ಹಾಲಿನಲ್ಲಿ ಬೆರಳು ಅದ್ದಿ ನೋಡುವರು. ಬೆಲ್ಲದ ಪೆಂಟಿ ತಂದರೆ ಒಡೆದು ನಡುವಿನ ಚೂರನ್ನು ಮೂಸುವರು. ನಾನು ಶಾಲೆಯಿಂದ ಸ್ವಲ್ಪ ಮೊದಲು ಬಂದರೆ "ಯಾಕ ಲಗೂ ಬಿಟ್ರು?", ತಡವಾದರೆ "ಎಲ್ಲಿ ನಿಂತಿದ್ದಿ?" ಎರಡಕ್ಕೂ ನಾನು ಕೊಡುವ ಉತ್ತರವನ್ನು ಅವರು ಒಪ್ಪಿದ್ದು ಇಲ್ಲವೇ ಇಲ್ಲ.

ಸಾಂಗ್ಲಿಯಲ್ಲಿ ಹೊಳೆಯ ಘಾಟಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಪ್ಪ, ಅವ್ವ, ಅಪ್ಪನ ತಾಯಿ ಆಯಿ, ಮತ್ತೆ ನಾನು. ಪಕ್ಕದ ಮನೆಯಲ್ಲಿ ಅಪ್ಪನ ಗೆಳೆಯ, ಅದೇ ಕಚೇರಿಯ ಇನ್ನೊಬ್ಬ ಕಾರಕೂನ. ನಾನು ಅವರಿಗೆ ಕಾಕಾ ಅನ್ನುತ್ತಿದ್ದೆ, ಅವರ ಹೆಂಡತಿಗೆ ಕಾಕು. ಎರಡೂ ಮನೆಯ ಹಿತ್ತಲಿಗೆ ನಡುವೆ ಒಂದು ಮೋಟುಗೋಡೆ ಅಷ್ಟೆ. ಬೆಳಿಗ್ಗೆ ಕಾಕಾ ಹೊರಗೆ ನಿಂತು ಕೆಮ್ಮಿದರೆ ಅಪ್ಪ ರುಮಾಲು ಸುತ್ತಿಕೊಂಡು ಹೊರಡುವರು. ಇಬ್ಬರೂ ಕೂಡಿಯೇ ಕಚೇರಿಗೆ ನಡೆಯುವುದು ಎಷ್ಟೋ ವರ್ಷದ ರೂಢಿ. ಆ ವರ್ಷ ಮಾತ್ರ ಅದರಲ್ಲಿ ಸಣ್ಣದೊಂದು ಬಿರುಕು ಬಿಟ್ಟಿತ್ತು. ಲಾಯದ ಹಿರಿಯ ಕಾರಕೂನರು ಕೆಲಸ ಬಿಡುವವರಿದ್ದರು. ಆ ಜಾಗ ಅಪ್ಪನಿಗೆ ಆಗಬೇಕು ಇಲ್ಲವೆ ಕಾಕಾನಿಗೆ ಆಗಬೇಕು ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಇಬ್ಬರೂ ಕೂಡಿ ನಡೆಯುತ್ತಿದ್ದರು, ಆದರೆ ಮಾತು ಕಡಿಮೆಯಾಗಿತ್ತು.

ದೀಪಾವಳಿ ಮುಗಿದ ಮೇಲೆ ಒಂದು ದಿನ ಅಪ್ಪ ಕಚೇರಿಯಿಂದ ಬಂದವರೇ ಪಡಸಾಲೆಯಲ್ಲಿ ಸುಮ್ಮನೆ ಕುಳಿತುಬಿಟ್ಟರು. ಅವ್ವ ಕೇಳಿದಳು, "ಯಾಕ್ರಿ, ಏನಾತು?"

"ಕಚೇರಿ ದೊಡ್ಡ ಸಾಹೇಬರು ಕರಿಸಿದ್ರು. ಅವರ ಹೆಂಡ್ತಿ ಬಾಯಿಸಾಹೇಬರು ಮಗಳ ಬಾಣಂತನಕ್ಕ ಬಡೋದೆಗೆ ಹೊಂಟಾರಂತ. ಅವರ ಒಂದು ಪ್ರಾಣಿ ಐತಿ. ಬರೂತನಾ ನಾ ಸಾಕಬೇಕಂತ."

"ನೀವ ಯಾಕ?"

"ಅದನ್ನ ನಾನೂ ವಿಚಾರ ಮಾಡಾಕತ್ತೇನಿ," ಅಂದರು ಅಪ್ಪ.

ಕಾರಣ ಸರಳವಾಗಿತ್ತು. ಒಣಹುಲ್ಲು ತಿನ್ನುವ ಪ್ರಾಣಿ ಅದು. ಕಚೇರಿಯಲ್ಲಿ ಹುಲ್ಲಿನ ಗುಣ ಅಪ್ಪನಷ್ಟು ಬಲ್ಲವರು ಇರಲಿಲ್ಲ. ಆದರೆ ಅಪ್ಪ ಸರಳವಾದ ಕಾರಣವನ್ನು ನಂಬುವವರಲ್ಲ. ಆ ಪ್ರಾಣಿ ತಮ್ಮ ಕೈಯಲ್ಲಿ ಸಾಯಲಿ ಎಂದು ಯಾರೋ ಸಾಹೇಬರ ಕಿವಿಯಲ್ಲಿ ತಮ್ಮ ಹೆಸರು ಊದಿದ್ದಾರೆ ಎಂದೇ ಅವರ ಲೆಕ್ಕ.

ಬಾಯಿಸಾಹೇಬರು ಮಿರಜಿಯಲ್ಲಿ ರೈಲು ಹತ್ತುವ ದಿನ ಅಪ್ಪ ನನ್ನನ್ನೂ ಟಾಂಗಾದಲ್ಲಿ ಕರೆದುಕೊಂಡು ಹೋದರು. ಪ್ರಾಣಿಗೆ ನೀರು ಇಡುವ ಕೆಲಸ ನನ್ನದಾಗುವುದಿತ್ತು, ಹೇಳಿದ್ದನ್ನು ನಾನೂ ಕೇಳಿಕೊಳ್ಳಲಿ ಎಂದು. ಸ್ಟೇಶನ್ನಿನ ಫಲಾಟಿನ ಮೇಲೆ ಟ್ರಂಕು, ಹಾಸಿಗೆ ಸುರುಳಿಗಳ ನಡುವೆ ಒಂದು ದೊಡ್ಡ ತಂತಿಯ ಪಂಜರ. ಒಳಗೆ ಬೂದಿ ಬಣ್ಣದ ಒಂದು ಉಂಡೆ. ನಾನು ಬಗ್ಗಿದಾಗ ಅದು ಬಿಚ್ಚಿಕೊಂಡು ನನ್ನನ್ನು ನೋಡಿತು. ಇಲಿಯ ಮುಖ, ಮೊಲದ ಕಿವಿ, ಅಳಿಲಿನ ಬಾಲ. ಮೈತುಂಬ ಎಂಥ ಮೆತ್ತನೆಯ ತುಪ್ಪಳ ಅಂದರೆ, ಬೆರಳು ಇಟ್ಟದ್ದು ಬೆರಳಿಗೇ ತಿಳಿಯಲಿಲ್ಲ. ಸಾಹೇಬರ ಮನೆಗೆ ಅತಿಥಿಯಾಗಿ ಬಂದಿದ್ದ ಒಬ್ಬ ಮೇಮ್‌ಸಾಹೇಬರು ಹಡಗಿನಲ್ಲಿ ಅದನ್ನು ತಂದಿದ್ದರಂತೆ. ಊರಿಗೆ ಹೊರಟಾಗ ಬಾಯಿಸಾಹೇಬರಿಗೆ ಕೊಟ್ಟು ಹೋದರಂತೆ.

"ಇದರ ಹೆಸರು ಚಿಂಚಿಲಾ," ಅಂದರು ಬಾಯಿಸಾಹೇಬರು. ಅವರ ಮಾತೆಲ್ಲ ಮರಾಠಿಯಲ್ಲಿ. ಒಣಹುಲ್ಲು ಹಗಲೂ ಇರುಳೂ ಎದುರಿಗೆ ಇರಬೇಕು. ಹುಲ್ಲು ನಾರಿನಂತೆ ಗಟ್ಟಿ ಇರಬೇಕು, ಜಗಿದು ಜಗಿದು ಅದರ ಹಲ್ಲು ಸವೆಯಬೇಕು, ಇಲ್ಲದಿದ್ದರೆ ಹಲ್ಲು ಬೆಳೆದು ಬಾಯಿ ಕಟ್ಟುತ್ತದೆ. ದಿನಕ್ಕೆ ಒಂದು ಚಿಟಿಕೆ ಜವೆಗೋದಿ. ಕಾಸಿ ಆರಿಸಿದ ನೀರು. ಹಸಿ ಸೊಪ್ಪು ಬೇಡ, ಹಣ್ಣು ಬೇಡ, ಎಣ್ಣೆಯ ಕಾಳು ಬೇಡ. ಮೈಗೆ ನೀರು ತಾಕಿಸಬಾರದು, ಸೋಸಿದ ಬೂದಿಯನ್ನು ಬೋಗುಣಿಯಲ್ಲಿ ಇಟ್ಟರೆ ಅದರಲ್ಲಿ ಹೊರಳಾಡಿ ತಾನೇ ಸ್ವಚ್ಛವಾಗುತ್ತದೆ. ಗಾಡಿ ಹೊರಡುವಾಗ ಕಿಡಕಿಯಿಂದ ಮತ್ತೆ ಬಗ್ಗಿ "ಗೋಡ ಕಾಹೀ ನಕೋ!" ಎಂದು ಕೂಗಿದರು. ಸಿಹಿ ಏನೂ ಬೇಡ.

ಟಾಂಗಾದಲ್ಲಿ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಬರುವಾಗ ಅಪ್ಪ ಅಂದರು, "ಹುಲ್ಲು ತಿಂದು, ಬೂದ್ಯಾಗ ಜಳಕಾ ಮಾಡೂ ಪ್ರಾಣಿ. ಇದರಾಗ ಏನೋ ಐತಿ."

ಆಯಿಗೆ ಮಾತ್ರ ಅದನ್ನು ಕಂಡು ಭಕ್ತಿಯೇ ಹುಟ್ಟಿತು. ಹೆಸರು ಚಿಂಚಿಲಾ ಎಂದದ್ದು ಅವಳಿಗೆ ಚಿಂಚಲಿ ಎಂದು ಕೇಳಿತು. ರಾಯಬಾಗದ ಕಡೆಯ ಚಿಂಚಲಿಯ ಮಾಯವ್ವ ದೇವಿಗೆ ಅವಳು ಹರಕೆ ಹೊತ್ತವಳು. "ಚಿಂಚಲಿಯಿಂದ ಬಂದೈತಿ ಅಂತೀರಿ, ಬೂದಿ ಹಚ್ಚಿಕೋತೈತಿ ಅಂತೀರಿ. ಹಂಗಾರ ಇದು ನಮ್ಮ ಪೈಕಿನ!" ಎಂದು ಕೈಮುಗಿದಳು. ಹಡಗಿನಲ್ಲಿ ಬಂದದ್ದು ಎಂದು ನಾನು ಹೇಳಿದರೆ, "ಹೊಳಿ ಇದ್ದಲ್ಲೆ ಹಡಗ ಬರಾಂಗಿಲ್ಲೇನು?" ಅಂದಳು. ಅವಳು ಬದುಕಿರುವವರೆಗೂ ಅದು ಚಿಂಚಲಿಯದೇ.

ಹಿತ್ತಲ ಕಡೆಯ ಸಣ್ಣ ಕೋಣೆಯಲ್ಲಿ ಹಾಸುಗಲ್ಲಿನ ಮೇಲೆ ಪಂಜರ ಇಟ್ಟೆವು. ಆ ಕೋಣೆಗೆ ಒಂದೇ ಕಿಡಕಿ, ಅದು ತೆರೆಯುವುದು ಕಾಕಾನ ಹಿತ್ತಲಿಗೆ. ಹುಲ್ಲಿನ ಪ್ರಶ್ನೆ ಮೊದಲು ಎದ್ದಿತು. ಲಾಯದಲ್ಲಿ ಬಣವೆಗಟ್ಟಲೆ ಹುಲ್ಲಿತ್ತು, ಒಂದು ಹಿಡಿ ತಂದರೆ ಯಾರೂ ಕೇಳುವವರಿರಲಿಲ್ಲ. ಅಪ್ಪ ಮುಟ್ಟಲಿಲ್ಲ. "ನಾಳೆ ಯಾವನರ ಸರಕಾರಿ ಹುಲ್ಲ ಮನಿಗೆ ಒಯ್ದಾನ ಅಂದ್ರ?" ಎಂದು ಹರಿಪುರದ ಒಬ್ಬ ರೈತನಿಂದ ಗುಡ್ಡದ ಒಣಹುಲ್ಲಿನ ಸಿವುಡುಗಳನ್ನು ತರಿಸಿದರು. ಹೊಳೆದಂಡೆಯ ಊರು ಅದು, ಹುಲ್ಲಿಗೆ ತೇವ ಹಿಡಿದಿರಬಹುದು ಎಂದು ಪ್ರತಿ ಸಿವುಡನ್ನೂ ಬಿಚ್ಚಿ, ಮೂಸಿ, ಕೈಯಲ್ಲಿ ಮುರಿದು, ಸದ್ದು ಕೇಳಿ, ಬೂಸಲು ಕಂಡದ್ದನ್ನು ದನಕ್ಕೂ ಹಾಕಗೊಡದೆ ಸುಟ್ಟರು. ಬೂದಿಯನ್ನು ಅವ್ವ ಅರಿವೆಯಲ್ಲಿ ಸೋಸಿದಳು. ನೀರು ಕಾಸುವುದು, ಬಟ್ಟಲು ತೊಳೆಯುವುದು ನನ್ನ ಕೆಲಸ.

ಮೊದಮೊದಲು ಅದು ನಮ್ಮನ್ನು ಕಂಡರೆ ಮೂಲೆಗೆ ಒತ್ತಿಕೊಳ್ಳುತ್ತಿತ್ತು. ಹಗಲೆಲ್ಲ ನಿದ್ದೆ. ಹೊತ್ತು ಇಳಿಯುವಾಗ ಎದ್ದು, ಹಿಂಗಾಲ ಮೇಲೆ ಕುಳಿತು, ಒಂದೊಂದೇ ಎಳೆಯನ್ನು ಎರಡೂ ಕೈಯಲ್ಲಿ ಹಿಡಿದು ಕರಕರ ಜಗಿಯುವುದು. ಬೂದಿಯ ಬೋಗುಣಿ ಇಟ್ಟರೆ ಒಳಗೆ ಹಾರಿ ಗಿರಗಿರ ಉರುಳಿ ಕೋಣೆಯನ್ನೆಲ್ಲ ಹೊಗೆ ಮಾಡುವುದು. ಅದರ ಹಿಕ್ಕೆ ಒಣಗಿದ ಕಾಳಿನಂತೆ ಗಟ್ಟಿ. ಅಪ್ಪ ಅದನ್ನೂ ಬೆರಳಲ್ಲಿ ಒತ್ತಿ ನೋಡುವರು. "ಹೊಟ್ಟಿ ಚಲೋ ಐತಿ" ಎಂದು ಅವರು ಅಂದರೆ ಆ ದಿನ ಮನೆಯಲ್ಲಿ ಎಲ್ಲರಿಗೂ ಸಮಾಧಾನ.

ಸುಗ್ಗಿ ಶುರುವಾಗುವ ಹೊತ್ತಿಗೆ ಅದು ಬದಲಾಯಿತು. ಹುಲ್ಲು ಮುಟ್ಟದೆ ಕೂರತೊಡಗಿತು. ನಾನು ಎಳೆ ಹಿಡಿದರೆ ಮೂಸಿ ಮುಖ ತಿರುಗಿಸುವುದು. ಹೊಟ್ಟೆ ಉಬ್ಬಿದಂತೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ಹಿಕ್ಕೆ ಮೆತ್ತಗೆ ಅಂಟಾಗಿದ್ದದ್ದನ್ನು ಅಪ್ಪ ನೋಡಿದರು. ಎದ್ದು ನಿಂತು, ಬಾಗಿಲಲ್ಲಿದ್ದ ನಮ್ಮ ಮೂವರನ್ನೂ ಒಬ್ಬೊಬ್ಬರನ್ನಾಗಿ ದಿಟ್ಟಿಸಿದರು.

"ಯಾರ ಏನ ಹಾಕೀರಿ ಇದಕ್ಕ?"

ಯಾರೂ ಏನೂ ಹಾಕಿರಲಿಲ್ಲ. ಅಪ್ಪ ಮೊದಲು ಆಯಿಯನ್ನು ಹಿಡಿದರು. "ಪೂಜಿ ಆದಮ್ಯಾಲೆ ಕಲ್ಲಸಕ್ರಿ ಹಂಚತಿ. ಇದಕ್ಕೂ ಹಾಕಿದ್ಯಾ?"

"ನಾ ಕೈಮುಗದೇನಿ ಅಷ್ಟ. ದೇವರ ಪೈಕಿ ಪ್ರಾಣಿಗೆ ನಾ ಯಾಕ ಪ್ರಸಾದ ಕೊಡ್ಲಿ? ಅದ ನಮಗ ಕೊಡಬೇಕು," ಅಂದಳು ಆಯಿ.

ಆಮೇಲೆ ಅವ್ವ. ಅಡಿಗೆ ಕಟ್ಟೆಯ ಮೇಲೆ ಬೆಲ್ಲದ ಚೂರು ಯಾಕೆ ಬಿದ್ದಿದೆ, ರೊಟ್ಟಿಯ ತುಣುಕು ಎಲ್ಲಿ ಹೋಯಿತು ಎಂದು ಕೇಳಿದರು. ಅವ್ವ ಹಿಟ್ಟು ನಾದುತ್ತಲೇ ಇದ್ದಳು. ಕೊನೆಗೆ ನನ್ನ ಸರದಿ. "ಕೈ ತೋರಸು," ಅಂದರು. ನನ್ನ ಅಂಗೈಯನ್ನು ಮೂಸಿದರು. ನಾನು ಅತ್ತುಬಿಟ್ಟೆ. ಅತ್ತದ್ದಕ್ಕೆ ಅವರ ಸಂಶಯ ಇನ್ನಷ್ಟು ಗಟ್ಟಿಯಾಯಿತು.

ಆ ದಿನವೇ ಕೋಣೆಗೆ ಬೀಗ ಬಿತ್ತು. ಕೀಲಿ ಅಪ್ಪನ ಉಡದಾರದಲ್ಲಿ. ನಾನು ನೀರು ಇಡಬೇಕಾದರೆ ಅವರೇ ಬಂದು ತೆರೆದು, ನಿಂತು ನೋಡಿ, ಮತ್ತೆ ಹಾಕುವರು. ಆದರೂ ಅದಕ್ಕೆ ಗುಣ ಕಾಣಲಿಲ್ಲ. ತುಪ್ಪಳ ಗಂಟುಗಂಟಾಗಿ, ಕಣ್ಣು ಅರ್ಧ ಮುಚ್ಚಿಕೊಂಡು ಕೂತಿರುತ್ತಿತ್ತು. ನಾನು ಅವ್ವನನ್ನು ಸಂಶಯದಿಂದ ನೋಡುತ್ತಿದ್ದೆ, ಅವಳು ಕರುಣೆಯಿಂದ ಏನಾದರೂ ಕೊಟ್ಟಿರಬಹುದೇ ಎಂದು. ಅವ್ವ ಆಯಿಯ ಸೆರಗಿನ ಗಂಟನ್ನು ನೋಡುತ್ತಿದ್ದಳು. ಆಯಿ ನನ್ನನ್ನು ಕರೆದು, "ಖರೇ ಹೇಳು, ನಾ ಯಾರಿಗೂ ಹೇಳಾಂಗಿಲ್ಲ" ಅಂದಳು. ಒಂದು ಹಿಡಿ ಗಾತ್ರದ ಪ್ರಾಣಿ ನಮ್ಮ ಮನೆಯನ್ನೇ ಕಚೇರಿ ಮಾಡಿಬಿಟ್ಟಿತ್ತು.

ಹೀಗಿರುವಾಗ ಒಂದು ರವಿವಾರ ಅಪ್ಪ ಕೋಣೆಯ ಕಿಡಕಿಯ ಹೊರಗೆ, ಕಾಕಾನ ಹಿತ್ತಲಿನ ಕಡೆ, ಶೇಂಗಾದ ಸಿಪ್ಪೆಗಳನ್ನು ಕಂಡರು. ಕಾಳು ತೆಗೆದುಕೊಂಡು ಬಿಸಾಕಿದ ಹೊರಸಿಪ್ಪೆ. ಶೇಂಗಾ ಕಿತ್ತು ಮನೆಮನೆಗೆ ಬಂದ ಕಾಲ ಅದು. ಓಣಿಯ ತುಂಬ, ಘಾಟಿನ ಮೆಟ್ಟಿಲ ತುಂಬ ಆ ಸಿಪ್ಪೆಯೇ. ಕಾಗೆಗಳು ಕಚ್ಚಿಕೊಂಡು ಹಾರಾಡುತ್ತಿದ್ದವು. ಅಪ್ಪನಿಗೆ ಕಾಗೆ ಕಾಣಲಿಲ್ಲ. ಸಿಪ್ಪೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ನೆಟ್ಟಗೆ ಕಾಕಾನ ಕಟ್ಟೆಗೆ ನಡೆದರು. ನಾನೂ ಅವ್ವನೂ ನಮ್ಮ ಬಾಗಿಲಲ್ಲಿ ನಿಂತೆವು. ಕಾಕಾ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತಿದ್ದರು.

"ನಿಮ್ಮ ಹಿತ್ತಲದಾಗಿಂದ ನಮ್ಮ ಕಿಡಕ್ಯಾಗ ಯಾರ ಕೈ ಹಾಕತಾರ?" ಅಪ್ಪ ಕೇಳಿದರು.

"ಕೈಯೋ ಬೆಕ್ಕಿನ ಬಾಲೋ?" ಕಾಕಾ ನಕ್ಕರು.

"ನಗಬ್ಯಾಡ. ಶೇಂಗಾ ಹಾಕ್ಯಾರ. ಪ್ರಾಣಿ ಜಡ್ಡ ಬಿದ್ದೈತಿ. ಅದು ಸತ್ರ ಯಾರಿಗೆ ಲಾಭ ಅನ್ನೂದು ನನಗ ಗೊತ್ತಿಲ್ಲೇನು?"

ಕಾಕಾನ ನಗು ನಿಂತಿತು. ಕಾಕು ಒಳಗಿನಿಂದ ಬಾಗಿಲಿಗೆ ಬಂದರು. ಆಚೀಚೆ ಮನೆಯವರೂ ಇಣುಕಿದರು.

"ಅಂದ್ರ, ಹಿರೇ ಕಾರಕೂನ ಆಗಾಕ ನಾ ಒಂದು ಇಲಿ ಕೊಲ್ಲತೇನಿ ಅಂತೀಯೇನು?"

"ಇಲಿ ಅಲ್ಲ ಅದು."

"ಏನರ ಇರವಲ್ದ್ಯಾಕ!" ಕಾಕಾ ಎದ್ದು ನಿಂತರು. "ನಿಮ್ಮಪ್ಪ ಹೋದಾಗ ಹೆಗಲ ಕೊಟ್ಟಾಂವ ನಾನು. ನಿನ್ನ ಮಗಳಿಗೆ ಜ್ವರಾ ಬಂದಾಗ ಮಿರಜಿ ದವಾಖಾನಿಗೆ ಎತಗೊಂಡ ಓಡಿದಾಂವ ನಾನು. ಇವತ್ತ ಓಣಿ ಮುಂದ ನಿಂತು ನನ್ನ ಹಿಂಗ ಕೇಳತಿ. ನಡಿ. ನಿನ್ನ ಮನಿ ಹೊಸ್ತಿಲಾ ಇನ್ನ ನಾ ತುಳಿಯೂದಿಲ್ಲ."

ಮರುದಿನದಿಂದ ಕಾಕಾ ನಮ್ಮ ಬಾಗಿಲಲ್ಲಿ ಕೆಮ್ಮಲಿಲ್ಲ. ಅಪ್ಪನಿಗಿಂತ ಮೊದಲೇ ಹೊರಟು ಹೋಗುವರು. ಕಾಕು ಬಾವಿಯ ಕಟ್ಟೆಯಲ್ಲಿ ಅವ್ವನನ್ನು ಕಂಡರೆ ಕೊಡ ಎತ್ತಿಕೊಂಡು ನಡೆಯುವರು. ಅಪ್ಪ ಕಿಡಕಿಗೆ ಹಲಗೆ ಬಡಿಸಿದರು. ಇನ್ನು ಹೊರಗಿನ ಕೈ ಒಳಗೆ ಬರುವ ದಾರಿಯೇ ಇರಲಿಲ್ಲ. ಪ್ರಾಣಿಯ ಹೊಟ್ಟೆ ಮಾತ್ರ ಹಾಗೇ ಕೆಟ್ಟಿತ್ತು.

ಒಂದು ಸಂಜೆ ದೀಪ ಹಚ್ಚುವ ಹೊತ್ತು. ಅಪ್ಪ ಕಚೇರಿಯಿಂದ ಬಂದು ಕೋಣೆಗೆ ಹೋಗಿದ್ದರು. ಅವ್ವ ಪೂಜೆಗೆ ನೀರಿಟ್ಟು, "ಅಪ್ಪನ ಕರಿ" ಎಂದು ನನ್ನನ್ನು ಕಳಿಸಿದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಒಳಗೆ ಮಾತು ಕೇಳಿ ನಾನು ನಿಂತೆ. ಅಪ್ಪನ ಧ್ವನಿ, ಆದರೆ ಆ ಧ್ವನಿಯನ್ನು ನಾನು ಆವರೆಗೆ ಕೇಳಿರಲಿಲ್ಲ. ಸಣ್ಣ ಕೂಸಿಗೆ ಆಡುವ ಧ್ವನಿ.

"ಇವತ್ತ ಹುರಳಿ ಚೀಲದಾಗ ಹರಳ ಹಾಕಿದ್ದರವ್ವಾ. ನನಗ ತಿಳಿಯಾಂಗಿಲ್ಲ ಅಂದ್ಕೊಂಡಿದ್ರು. ನೀ ಹೇಳು, ನನಗ ತಿಳಿಯಾಂಗಿಲ್ಲೇನು? ಎಲ್ಲಾರೂ ಒಂದ ನಮೂನಿ. ನೀ ಒಬ್ಬಾಕಿ ಚಲೋ."

ಸಂದಿಯಿಂದ ನೋಡಿದೆ. ಅಪ್ಪ ಚಕ್ಕಳಮಕ್ಕಳ ಹಾಕಿ ಹಾಸುಗಲ್ಲಿನ ಮೇಲೆ ಕುಳಿತಿದ್ದರು. ಚಿಂಚಿಲಾ ಅವರ ತೊಡೆಯ ಮೇಲೆ. ಅವರು ಕೋಟಿನ ಕಿಸೆಯಿಂದ ಒಂದು ಶೇಂಗಾ ಕಾಳು ತೆಗೆದು, ಎರಡು ಬೆರಳಲ್ಲಿ ತಿಕ್ಕಿ ಕೆಂಪು ಪೊರೆ ಬಿಡಿಸಿ, ಉಫ್ ಎಂದು ಊದಿ, ಅದರ ಕೈಗೆ ಕೊಟ್ಟರು. ಅದು ಎರಡೂ ಕೈಯಲ್ಲಿ ಇಸಿದುಕೊಂಡು ತಿಂದಿತು. ಆಮೇಲೆ ಮೂತಿ ಎತ್ತಿ ಅಪ್ಪನ ಕಿಸೆಯನ್ನು ಮೂಸಿತು. ಅಪ್ಪ ನಕ್ಕರು. ಇನ್ನೊಂದು ಕೊಟ್ಟರು.

ನನ್ನ ತಲೆಗೆ ಮೊದಲು ಹೊಳೆದದ್ದು, ಇದೂ ಏನೋ ತಪಾಸಣೆಯೇ ಇರಬೇಕು ಎಂದು. ಅಪ್ಪ ತಪ್ಪು ಮಾಡಬಹುದು ಎಂಬುದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಹಿಂದೆ ಹೆಜ್ಜೆ ಇಟ್ಟು ಅಡಿಗೆಮನೆಗೆ ಬಂದು ಅವ್ವನ ಕಿವಿಯಲ್ಲಿ ಹೇಳಿದೆ. ಅವ್ವ ಒಲೆಯ ಉರಿ ತಗ್ಗಿಸಿದಳು.

"ಕೋಟ ಝಾಡಸೂವಾಗ ಕಿಸೇದಾಗ ಪೊರಿ ಉದರತಿದ್ವು," ಅಂದಳು ನಿಧಾನಕ್ಕೆ. "ಕಚೇರ್ಯಾಗ ಹಸಿವಿಗೆ ತಿಂತಾರ, ತಿನ್ಲಿ ಅಂದ್ಕೊಂಡಿದ್ದೆ."

ಅಪ್ಪ ಕೋಣೆಗೆ ಬೀಗ ಹಾಕಿ ಬಂದು ಪೂಜೆಯ ಮಣೆಯ ಮೇಲೆ ಕೂರುವುದಕ್ಕೂ ಅವ್ವ ತಂಬಿಗೆ ಹಿಡಿದು ಎದುರು ನಿಲ್ಲುವುದಕ್ಕೂ ಸರಿಹೋಯಿತು. ಆಯಿ ವಿಭೂತಿ ಗಟ್ಟಿ ಹಿಡಿದು ಪಕ್ಕದಲ್ಲೇ ಇದ್ದಳು.

"ಮದಲ ಕೈ ತೊಳಕೋರಿ," ಅಂದಳು ಅವ್ವ. "ಬೆರಳಿಗೆ ಶೇಂಗಾದ ಪೊರಿ ಅಂಟ್ಯಾವ."

ಅಪ್ಪ ತಮ್ಮ ಬೆರಳು ನೋಡಿಕೊಂಡರು. ಆಮೇಲೆ ಅವ್ವನನ್ನು ನೋಡಿದರು. ನನ್ನನ್ನೂ ನೋಡಿದರು. ಯಾವಾಗಲೂ ನಾವು ಅವರ ಕಣ್ಣು ತಪ್ಪಿಸುತ್ತಿದ್ದೆವು. ಆ ದಿನ ಅವರು ತಪ್ಪಿಸಿದರು.

"ಎರಡ ಕಾಳು," ಅಂದರು. "ಎರಡ ಕಾಳಿಗೆ ಏನಾಗತೈತಿ? ಮದಲ ಕೈಯಾಗ ಬರತಿದ್ದಿಲ್ಲ ಅದು. ಹುಲ್ಲ ಹಿಡಿದ್ರ ಓಡತಿತ್ತು. ಒಂದ ಕಾಳ ಕೊಟ್ಟ ನೋಡಿದೆ, ಬಂತು."

"ಮುಂಜಾನೆ ಎರಡು?"

"ಹೂಂ."

"ಮದ್ಯಾನ ಉಣ್ಣಾಕ ಬಂದಾಗ?"

ಅಪ್ಪ ಬೆರಳನ್ನು ಧೋತರಕ್ಕೆ ಒರೆಸಿಕೊಂಡರು.

"ಸಂಜೀಕ?"

ಆಯಿಗೆ ಆಗ ತಿಳಿಯಿತು. ಅವಳು ವಿಭೂತಿಯನ್ನು ತಾಟಿನಲ್ಲಿ ಇಟ್ಟು, "ಹಂಗಾರ ಬಾಜೂಕಿನ ಹುಡುಗನ್ನ ಯಾಕ ಬೈದು ಬಂದಿ?" ಅಂದಳು. ಕಾಕಾ ಅವಳಿಗೆ ಇನ್ನೂ ಹುಡುಗನೇ.

"ಸಿಪ್ಪಿ ಬಿದ್ದಿತ್ತಲ್ಲ. ನಾ ಒಯ್ಯೂದು ಸುಲದ ಕಾಳು. ಸಿಪ್ಪಿ ನಂದಲ್ಲ. ಮತ್ಯಾರೋ ಹಾಕತಾರ ಅಂತ..."

ಅವರು ಸುಳ್ಳು ಹೇಳಲಿಲ್ಲ ಎಂದು ನನಗೆ ಈಗಲೂ ಅನಿಸುತ್ತದೆ. ಊರನ್ನೆಲ್ಲ ತಪಾಸು ಮಾಡುವ ಮನುಷ್ಯ ತನ್ನ ಕಿಸೆಯನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ತಾವು ಕೊಡುವುದು ಪ್ರೀತಿಯದು, ಅದರಿಂದ ಜಡ್ಡು ಬರುವುದುಂಟೇ? ಬೇರೆಯವರು ಕೊಟ್ಟದ್ದರಿಂದಲೇ ಬರಬೇಕು. ಪ್ರಾಣಿ ಕಂಗಾಲಾದಷ್ಟೂ ಅವರು ಕಳ್ಳನನ್ನು ಹುಡುಕುತ್ತಿದ್ದರು, ಮತ್ತೆ ಅದನ್ನು ಸಮಾಧಾನ ಮಾಡಲು ಇನ್ನೊಂದು ಕಾಳು ಕೊಡುತ್ತಿದ್ದರು.

ಅವ್ವ ಕೈ ಚಾಚಿದಳು. ಅಪ್ಪ ಉಡದಾರದಿಂದ ಕೀಲಿ ಬಿಚ್ಚಿ ಅವಳ ಕೈಗೆ ಹಾಕಿದರು. ಆಮೇಲೆಯೇ ಪೂಜೆ ನಡೆಯಿತು.

ಅವ್ವನ ಆಡಳಿತ ಅಪ್ಪನದಕ್ಕಿಂತ ಬಿಗಿ. ಜವೆಗೋದಿ ಬಂದ್. ಒಣಹುಲ್ಲು ಮತ್ತು ನೀರು, ಅಷ್ಟೆ. ತಿನ್ನದಿದ್ದರೆ ತಿನ್ನದಿರಲಿ, ಹಸಿವಾದರೆ ತಾನೇ ತಿನ್ನುತ್ತದೆ ಎಂದು ಆಯಿ ಅಂದಳು. ಅವ್ವ ಅದಕ್ಕೂ ಒಪ್ಪಲಿಲ್ಲ. ಹೊಟ್ಟೆ ಪೂರ್ತಿ ಖಾಲಿ ಬಿದ್ದರೆ ಜೀವಕ್ಕೇ ಅಪಾಯ ಎಂದು ಅವಳಿಗೆ ಒಳಗೇ ಹೆದರಿಕೆ. ನನ್ನನ್ನು ಪಂಜರದ ಮುಂದೆ ಕೂರಿಸಿ ಒಂದೊಂದೇ ಎಳೆ ಹಿಡಿಯಲು ಹೇಳಿದಳು. ಎಳೆಯ ತುದಿಯನ್ನು ಅದರ ಮೂತಿಗೆ ತಾಕಿಸುವೆ, ಅದು ತಿರುಗಿಸಿಕೊಳ್ಳುವುದು, ಇನ್ನೊಂದು ಎಳೆ ತೆಗೆಯುವೆ. ಅದು ನನ್ನ ಕೈಯನ್ನು ಮೂಸಿ ಶೇಂಗಾ ಹುಡುಕುತ್ತಿತ್ತು. ಸಿಗದೆ ಹೋದಾಗ ನನ್ನನ್ನು ನೋಡುವ ರೀತಿಯಲ್ಲಿ ಅಪ್ಪನದೇ ಕಣ್ಣು ಕಂಡಂತಾಗಿ ಹೆದರಿಕೆಯಾಗುತ್ತಿತ್ತು. ಎರಡನೆಯ ದಿನ ಸಂಜೆ ಒಂದು ಎಳೆ ಕಚ್ಚಿತು, ಬಿಟ್ಟಿತು. ಮತ್ತೆ ಕಚ್ಚಿತು. ಆ ಕರಕರಕ್ಕೆ ಅಡಿಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತು.

ಅಪ್ಪ ಕೋಣೆಯ ಬಾಗಿಲ ಹೊರಗೆ ನಿಂತಿರುವರು. ಒಳಗೆ ಬರಲು ಅವ್ವನ ಅಪ್ಪಣೆ ಇರಲಿಲ್ಲ. ಹಿಕ್ಕೆ ಮತ್ತೆ ಗಟ್ಟಿಯಾದ ದಿನ ನಾನು ಒಂದನ್ನು ಅಂಗೈಯಲ್ಲಿಟ್ಟು ತೋರಿಸಿದೆ. ಅವರು ಬೆರಳಲ್ಲಿ ಒತ್ತಿ ನೋಡಿ, ಚಪ್ಪಲಿ ಮೆಟ್ಟಿ ಕಾಕಾನ ಮನೆಗೆ ಹೋದರು.

ಅಲ್ಲಿ ಏನಾಯಿತು ಎಂಬುದನ್ನು ಕಾಕು ಆಮೇಲೆ ಅವ್ವನಿಗೆ ಹೇಳಿದ್ದು. ಅಪ್ಪ ಕಟ್ಟೆಯ ಮೇಲೆ ಕೂರದೆ, ನಿಂತುಕೊಂಡೇ ಹೇಳಿದರಂತೆ. "ನೀ ಹಾಕಿದ್ದಿಲ್ಲ. ನಾನ ಹಾಕತಿದ್ದೆ."

ಕಾಕಾ ಕುಳಿತಲ್ಲಿಂದಲೇ ಅಂದರಂತೆ, "ಓಣಿ ಮಂದಿ ಮುಂದ ಬೈದಿ. ಒಬ್ಬಾವನ ಬಂದು ಹೇಳತಿ."

ಅಪ್ಪ ತಿರುಗಿ ಓಣಿಗೆ ಮುಖ ಮಾಡಿ, ಅದೇ ಮಾತನ್ನು ದೊಡ್ಡ ಧ್ವನಿಯಲ್ಲಿ ಹೇಳಿದರು. ಅದನ್ನು ಮಾತ್ರ ನಾನು ನಮ್ಮ ಮನೆಯಿಂದಲೇ ಕೇಳಿದೆ. ಹಿಂದಿನ ಸಲ ಇಣುಕಿದ ಮಂದಿ ಈ ಸಲವೂ ಇಣುಕಿದರು. ಯಾರೋ ನಕ್ಕರು. ಅಪ್ಪ ತಲೆ ತಗ್ಗಿಸಿಕೊಂಡೇ ಮನೆಗೆ ಬಂದರು. ಸಂಕ್ರಾಂತಿಗೆ ಕಾಕು ಎಳ್ಳು ಬೆಲ್ಲ ಕೊಡಲು ಬಂದರು, ಕಾಕಾ ಬರಲಿಲ್ಲ. ಒಂದು ಬೆಳಿಗ್ಗೆ ಹೊರಗೆ ಕೆಮ್ಮು ಕೇಳಿಸಿತು. ಅಪ್ಪ ರುಮಾಲನ್ನು ಅರ್ಧ ಸುತ್ತಿಕೊಂಡೇ ಓಡಿದರು. ಆದರೆ ಕಾಕಾ ಕೆಲವು ದಿನ ಎರಡು ಹೆಜ್ಜೆ ಮುಂದೆಯೇ ನಡೆಯುತ್ತಿದ್ದರು. ಅಪ್ಪ ಹಿಂದಿನಿಂದ ಸುಮ್ಮನೆ ಹೋಗುತ್ತಿದ್ದರು.

ಹೋಳಿಗೆ ಮೊದಲು ಬಾಯಿಸಾಹೇಬರು ಹಿಂದಿರುಗಿದರು. ಅಪ್ಪ ಮತ್ತು ನಾನು ಪಂಜರ ಒಯ್ದೆವು. ಅವರು ಅದನ್ನು ಎತ್ತಿ, ಹೊಟ್ಟೆ ಮುಟ್ಟಿ, ಬಾಯಿ ತೆರೆದು ಹಲ್ಲು ನೋಡಿ, "ಇಳಿದು ಹೋಗಿದೆಯಲ್ಲ. ಏನು ಹಾಕಿದಿರಿ?" ಎಂದು ಕೇಳಿದರು. ಸಾಹೇಬರೂ ಅಲ್ಲೇ ಪತ್ರಿಕೆ ಓದುತ್ತ ಕುಳಿತಿದ್ದರು. ಅಪ್ಪ ತಪ್ಪನ್ನು ಹುಲ್ಲಿನ ಮೇಲೆ ಹಾಕಬಹುದಿತ್ತು, ಹವೆಯ ಮೇಲೆ ಹಾಕಬಹುದಿತ್ತು.

ಅಪ್ಪ ಮರಾಠಿಯಲ್ಲಿ, ತಡೆದು ತಡೆದು ಅಂದರು, "ನಡುವೆ ಜಡ್ಡು ಬಿದ್ದಿತ್ತು ಬಾಯಿಸಾಹೇಬ. ನಾನೇ ಶೇಂಗಾ ಹಾಕಿದ್ದೆ. ನನ್ನ ಮನೆಯವಳು ನಿಲ್ಲಿಸಿದಳು. ಹುಲ್ಲಿನ ಮೇಲೆ ಮತ್ತೆ ಸರಿಹೋಯಿತು."

ಬಾಯಿಸಾಹೇಬರು ಅವರನ್ನು ನೋಡಿದರು. ಸಾಹೇಬರು ಪತ್ರಿಕೆಯನ್ನು ಸ್ವಲ್ಪ ಕೆಳಗೆ ಮಾಡಿ ನೋಡಿದರು, ಮತ್ತೆ ಮೇಲೆತ್ತಿದರು. "ಬರಂ," ಅಂದರು ಬಾಯಿಸಾಹೇಬರು. ಸರಿ ಎಂದೋ, ಆಯಿತು ಹೋಗಿ ಎಂದೋ, ಆ ಒಂದು ಮಾತಿನ ಅರ್ಥವನ್ನು ಅಪ್ಪ ದಾರಿಯುದ್ದಕ್ಕೂ ಬಿಡಿಸುತ್ತ ಬಂದರು. ಪಂಜರ ಬಿಟ್ಟು ಬರುವಾಗ ಅದು ಅಪ್ಪನ ಕೋಟನ್ನು ಮೂಸಲು ತಂತಿಗೆ ಮೂತಿ ಹಚ್ಚಿತ್ತು. ಅವರು ಕಿಸೆಯ ಮೇಲೆ ಕೈ ಇಟ್ಟುಕೊಂಡು ಹಿಂದೆ ಸರಿದಿದ್ದರು. ಕಿಸೆಯಲ್ಲಿ ಏನೂ ಇರಲಿಲ್ಲ.

ಬೇಸಿಗೆ ಬಂದಾಗ ಬಾಯಿಸಾಹೇಬರು ಅದನ್ನು ತಂಪಿಗೆಂದು ಪನ್ಹಾಳಕ್ಕೆ ಕರೆದುಕೊಂಡು ಹೋದರು. ಅಲ್ಲಿ ಚೆನ್ನಾಗಿದೆ ಎಂದು ಸಿಪಾಯಿ ಹೇಳಿದ್ದನ್ನು ಅಪ್ಪ ಮನೆಯಲ್ಲಿ ತಿಳಿಸಿದರು, ಆದರೆ ಸಿಪಾಯಿಗೆ ಏನು ಗೊತ್ತು ಎಂದೂ ಸೇರಿಸಿದರು. ಮುಂದೆ ಸಾಹೇಬರಿಗೆ ಬೇರೆ ಕಡೆ ಕೆಲಸವಾಗಿ ಅವರು ಊರು ಬಿಟ್ಟರು. ಅದು ಎಷ್ಟು ವರ್ಷ ಬದುಕಿತೋ ನಮಗೆ ತಿಳಿಯಲಿಲ್ಲ.

ಹಿರಿಯ ಕಾರಕೂನರ ಜಾಗ ಅಪ್ಪನಿಗೂ ಆಗಲಿಲ್ಲ, ಕಾಕಾನಿಗೂ ಆಗಲಿಲ್ಲ. ಹೊರಗಿನಿಂದ ಒಬ್ಬ ಹೊಸಬ ಬಂದ. ಅವನು ಬಂದ ದಿನ ಸಂಜೆ ಕಾಕಾ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದು ಪಡಸಾಲೆಯಲ್ಲಿ ಕುಳಿತರು. ಅವ್ವ ಚಹಾ ಕೊಟ್ಟಳು.

"ಆ ಮನಶ್ಯಾನ ನೋಡಿದ್ಯಾ?" ಕಾಕಾ ಕೇಳಿದರು.

"ನೋಡಿದೆ," ಅಂದರು ಅಪ್ಪ.

"ನನಗ್ಯಾಕೋ ಸರಿ ಕಾಣವಲ್ದು."

"ನನಗೂ," ಅಂದರು ಅಪ್ಪ, ಮತ್ತು ಚಾಪೆಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡರು.